ಸುಟ್ಟ ಕಾಡು ಚಿಗುರಿದ ಮೇಲೆ ಅದರೊಳಗೆ ನಡೆಯುವುದು

ಮೆಲ್ಬರ್ನ್‌ನಿಂದ ಸುಮಾರು ನೂರು ಕಿಲೋಮೀಟರ್ ದೂರದ ಮೇರಿಸ್‌ವಿಲ್‌ಗೆ ವಾರಾಂತ್ಯದಲ್ಲಿ ಹೋಗಿಬಂದವರ ಬಾಯಲ್ಲಿ ಬರುವ ಮಾತು ಹೆಚ್ಚುಕಡಿಮೆ ಒಂದೇ: "ಅಷ್ಟು ದೊಡ್ಡ ಬೆಂಕಿ ಬಿದ್ದಿತ್ತಂತೆ, ನೋಡಿದ್ರೆ ಗೊತ್ತೇ ಆಗಲ್ಲ, ಎಲ್ಲಾ ಹಸಿರು." ಈ ಮಾತು ಕೇಳಿದಾಗಲೆಲ್ಲ ಒಂದು ಕಿರಿಕಿರಿ. ಮಾತೇನೂ ಸುಳ್ಳಲ್ಲ. ಕಾರಿನ ಕಿಟಕಿಯಿಂದ ನೋಡಿದರೆ ಬೆಟ್ಟವೆಲ್ಲ ಹಸಿರೇ. ಆದರೆ ಅದೇ ಬೆಟ್ಟದ ಕೆಪೆಲ್ ಲುಕೌಟ್ ಸುತ್ತುದಾರಿಯನ್ನು ಅರ್ಧ ದಿನ ಕಾಲಿಟ್ಟು ನಡೆದರೆ ಆ ಹಸಿರಿನ ಲೆಕ್ಕ ಬೇರೆಯಾಗಿ ಕಾಣುತ್ತದೆ. ಅಲ್ಲಿ ಇರುವುದು ಕಾಡಿನ ಒಂದು ವಯಸ್ಸು. ಆ ವಯಸ್ಸಿಗೆ ಅದರದೇ ಆದ ರೂಪವಿದೆ, ಅದರದೇ ಆದ ಅಪಾಯಗಳಿವೆ.

ಆಸ್ಟ್ರೇಲಿಯಾದಲ್ಲಿ ಕಾಲುದಾರಿಗಳನ್ನು ಒಂದರಿಂದ ಐದರವರೆಗೆ ದರ್ಜೆ ಮಾಡುತ್ತಾರೆ. ಅರ್ಧ ದಿನದ ಇಂಥ ನಡಿಗೆಗಳು ಸಾಮಾನ್ಯವಾಗಿ ಮೂರನೆಯ ದರ್ಜೆಯವು. ಅಂದರೆ ಚಿಕ್ಕಚಿಕ್ಕ ಕಡಿದಾದ ಏರು, ಒರಟು ನೆಲ, ಸಾಕಷ್ಟು ಮೆಟ್ಟಿಲು, ಸ್ವಲ್ಪ ಅನುಭವ ಇದ್ದರೆ ಒಳ್ಳೆಯದು. ಆಡುಮಾತಿನಲ್ಲಿ ಮಾಡರೇಟ್. ಈ ದರ್ಜೆ ನೋಡುವುದು ಉದ್ದ, ಇಳಿಜಾರು, ನೆಲ, ಮೆಟ್ಟಿಲು, ಫಲಕಗಳನ್ನು. ದಾರಿಯ ಎರಡೂ ಕಡೆ ನಿಂತ ಕಾಡಿಗೆ ವಯಸ್ಸೆಷ್ಟು, ಕೊನೆಯ ಬೆಂಕಿ ಯಾವಾಗ ಬಿತ್ತು ಎಂಬುದು ಅದರಲ್ಲಿ ಬರುವುದೇ ಇಲ್ಲ. ನಡೆಯುವವನಿಗೆ ಮೊದಲು ಗೊತ್ತಿರಬೇಕಾದ್ದು ಅದೇ ಅನ್ನುವುದು ಈ ಬರಹದ ವಾದ.

ಇಲ್ಲಿನ ಕೊನೆಯ ದೊಡ್ಡ ಬೆಂಕಿ 2009ರ ಫೆಬ್ರವರಿ 7ರದ್ದು, ಬ್ಲ್ಯಾಕ್ ಸ್ಯಾಟರ್‌ಡೇ. ಅಂದು ಮೆಲ್ಬರ್ನ್‌ನಲ್ಲಿ 46.4 ಡಿಗ್ರಿ. ವಿಕ್ಟೋರಿಯಾ ರಾಜ್ಯದಲ್ಲಿ ಒಟ್ಟು 173 ಜನ ಸತ್ತರು, ಅದರಲ್ಲಿ 40 ಜನ ಈ ಕಡೆಯ ಮರ‍್ರಿಂಡಿಂಡಿ ಬೆಂಕಿಯಲ್ಲಿ. ಮಧ್ಯಾಹ್ನ ಹೊತ್ತಿದ ಬೆಂಕಿ ಬಿಸಿ ಉತ್ತರಗಾಳಿಗೆ ಉದ್ದನೆಯ ಪಟ್ಟಿಯಾಗಿ ಓಡಿತ್ತು. ಸಂಜೆ ಗಾಳಿ ನೈಋತ್ಯಕ್ಕೆ ತಿರುಗಿದಾಗ ಆ ಪಟ್ಟಿಯ ಇಡೀ ಪಕ್ಕೆಯೇ ಮುಂಚೂಣಿಯಾಗಿ ಊರಿನ ಮೇಲೆ ಬಂತು. ಮೇರಿಸ್‌ವಿಲ್‌ನಲ್ಲಿ ಉಳಿದ ಕಟ್ಟಡಗಳು ಬೆರಳೆಣಿಕೆಯಷ್ಟು. ಈಗ ಮುಖ್ಯಬೀದಿಯಲ್ಲಿ ಕಾಣುವುದು ಬಹುಪಾಲು ಆಮೇಲೆ ಕಟ್ಟಿದ್ದು.

ದಾರಿಯ ಲೆಕ್ಕ

ಸುತ್ತು ಸುಮಾರು 11 ಕಿ.ಮೀ. ಊರಿನಿಂದ ಹೊರಟು ಸ್ಟೀವನ್‌ಸನ್ ಹೊಳೆಯ ಪಕ್ಕದ ಟ್ರೀ ಫರ್ನ್ ಗಲ್ಲಿ ಹಾದಿಯಲ್ಲಿ ಮೂರೂವರೆ ಕಿಲೋಮೀಟರ್ ಹೋದರೆ ಸ್ಟೀವನ್‌ಸನ್ ಜಲಪಾತ. ಅಲ್ಲಿಂದ ಏರು: ಮೊದಲು ಜಲಪಾತದ ನೆತ್ತಿ, ಆಮೇಲೆ ಡಿ ಲಾ ರೂ ಲುಕೌಟ್, ಕೆಪೆಲ್ ಲುಕೌಟ್, ಆಕ್ಸ್‌ಲೀ ಲುಕೌಟ್. ಅಲ್ಲಿಂದ ಏಣಿನ ಗುಂಟ ಇಳಿದು ಮತ್ತೆ ಊರು. ಒಟ್ಟು ಏರು ಸುಮಾರು 400 ಮೀಟರ್. ಬೆಟ್ಟದ ನಡಿಗೆಯ ಹಳೆಯ ಸೂತ್ರ ಐದು ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ ಅನ್ನುತ್ತದೆ. ಆ ಪ್ರಕಾರ ಮೂರು ಗಂಟೆಯೊಳಗೆ ಮುಗಿಯಬೇಕು. ಮುಗಿಯುವುದಿಲ್ಲ. ಮರುಬೆಳೆದ ಕಾಡಿನಲ್ಲಿ ದಾರಿಗೆ ಅಡ್ಡ ಬಿದ್ದ ಮರ ಹತ್ತಿ ಇಳಿಯಬೇಕು, ಇಲ್ಲವೇ ಸುತ್ತಿ ಹೋಗಬೇಕು. ಹುಲ್ಲು ಮುಚ್ಚಿದ ಕಡೆ ಕಾಲಿಡುವ ಮುಂಚೆ ನೋಡಬೇಕು. ನಾಲ್ಕರಿಂದ ನಾಲ್ಕೂವರೆ ಗಂಟೆ ಇಟ್ಟುಕೊಳ್ಳಿ, ನಿಲ್ಲುವ ಹೊತ್ತು ಬೇರೆ. ಜೂನ್‌ನಲ್ಲಿ ಸಂಜೆ ಐದೂಕಾಲಿನ ಒಳಗೆ ಸೂರ್ಯ ಮುಳುಗುತ್ತಾನೆ, ಹೊಳೆಯ ಕಣಿವೆಯಲ್ಲಿ ಅದಕ್ಕೂ ಮುಂಚೆಯೇ ಕತ್ತಲು. ಚಳಿಗಾಲದಲ್ಲಿ ಹನ್ನೊಂದರ ಮೇಲೆ ಹೊರಡುವುದು ಬೇಡ.

ಸುತ್ತನ್ನು ಯಾವ ಕಡೆಯಿಂದ ಬೇಕಾದರೂ ಹಿಡಿಯಬಹುದು, ಆದರೆ ಹೊಳೆಯ ಕಡೆಯಿಂದ ಶುರುಮಾಡುವುದೇ ಸರಿ. ಮಟ್ಟಸ ದಾರಿಯಲ್ಲಿ ಮುಕ್ಕಾಲು ಗಂಟೆ ಕಾಲು ಪಳಗುತ್ತದೆ, ಜಲಪಾತದ ಬಳಿ ಶೌಚಾಲಯವಿದೆ, ಕಡಿದಾದ ಭಾಗವನ್ನು ಏರುವಾಗ ಎದುರಿಸುತ್ತೀರಿ. ತಿರುಗಿಸಿ ಹೋದರೆ ಅದೇ ಕಡಿದಾದ ಭಾಗವನ್ನು ದಣಿದ ಮೊಣಕಾಲಿನಲ್ಲಿ ಇಳಿಯಬೇಕು, ಅದೂ ತೇವದ ನೆಲದಲ್ಲಿ. ಒಣ ಏಣಿನ ಇಳಿಜಾರಿಗೂ ಒಂದು ಚಾಳಿ ಇದೆ. ಸುಲಿದು ಬಿದ್ದ ತೊಗಟೆಯ ಉದ್ದ ಪಟ್ಟಿಗಳು, ಅದರಡಿ ನೀಲಗಿರಿಯ ಪುಟ್ಟ ಗಟ್ಟಿ ಕಾಯಿಗಳು, ಅದರಡಿ ಜಲ್ಲಿಮಣ್ಣು. ಅಲ್ಲಿ ಹಿಮ್ಮಡಿ ಊರಿ ಇಳಿದರೆ ಜಾರುವುದು ಖಚಿತ. ಪೂರ್ತಿ ಪಾದ ಇಟ್ಟು, ಹೆಜ್ಜೆ ಗಿಡ್ಡ ಮಾಡಿ ಇಳಿಯಬೇಕು.

ನೀರು ತಲೆಗೆ ಎರಡು ಲೀಟರ್, ಬೇಸಿಗೆಯಲ್ಲಿ ಮೂರು. ಜಲಪಾತ ಬಿಟ್ಟ ಮೇಲೆ ಏಣಿನ ಮೇಲೆ ನೀರನ್ನು ನೆಚ್ಚಬೇಡಿ, ಹೊಳೆಯ ನೀರನ್ನು ಕುದಿಸದೆ ಕುಡಿಯಬೇಡಿ.

ಹೊಳೆಯ ಬದಿ

ಮೊದಲ ಮೂರೂವರೆ ಕಿಲೋಮೀಟರೇ ನೋಡುವವರನ್ನು ಹೆಚ್ಚು ಮೋಸಗೊಳಿಸುವುದು. ಎರಡೂ ಕಡೆ ಆಳೆತ್ತರದ, ಆಳಿಗೂ ಮೀರಿದ ಮರಜರಿಗಳು, ಕೊಡೆ ಬಿಚ್ಚಿದ ಹಾಗೆ. ಡೈನೋಸಾರ್ ಕಾಲದಿಂದ ಯಾರೂ ಮುಟ್ಟಿಲ್ಲ ಅನ್ನಿಸುವ ನೋಟ. ಈ ಜರಿಗಳು 2009ರಲ್ಲೂ ಇದ್ದವೇ. ಮರಜರಿಯ ಬೆಳೆಯುವ ತುದಿ ಕಾಂಡದ ನೆತ್ತಿಯ ಒಳಗೆ, ಹಳೆಯ ಎಲೆದಂಟುಗಳ ಮತ್ತು ಬೇರುನಾರಿನ ದಪ್ಪ ಹೊದಿಕೆಯೊಳಗೆ ಹುದುಗಿರುತ್ತದೆ. ಬೆಂಕಿ ಗರಿಯನ್ನೆಲ್ಲ ಸುಟ್ಟುಹಾಕುತ್ತದೆ, ಕಾಂಡ ಇದ್ದಿಲಿನ ಕಂಬವಾಗುತ್ತದೆ. ಕೆಲವೇ ವಾರಗಳಲ್ಲಿ ಆ ಕರಿಕಂಬದ ನೆತ್ತಿಯಿಂದ ಸುರುಳಿ ಸುರುಳಿ ಹಸಿರು ಹೊರಡುತ್ತದೆ. ಬೂದಿಯ ನಡುವೆ ಮೊದಲು ಹಸಿರಾಗುವುದು ಇವೇ.

ಕಾಂಡವನ್ನು ಕೈಯಿಂದ ಮುಟ್ಟಿ ನೋಡಿ. ಮೆತ್ತಗೆ, ಕಂದು ನಾರಿನ ಹಾಸಿನಂತಿದ್ದರೆ ಅದು ಸಾಫ್ಟ್ ಟ್ರೀ ಫರ್ನ್. ಮುರಿದ ದಂಟುಗಳ ಮೊಂಡುಗಳು ಚುಚ್ಚಿದರೆ ರಫ್ ಟ್ರೀ ಫರ್ನ್. ಮೆತ್ತನೆಯದು ವರ್ಷಕ್ಕೆ ಬೆಳೆಯುವುದು ಕೆಲವೇ ಸೆಂಟಿಮೀಟರ್, ಹಾಗಾಗಿ ಆಳೆತ್ತರದ ಜರಿ ಬೆಂಕಿಗಿಂತ ಬಹಳ ಹಿಂದಿನದು. ಆದರೆ ಆ ನಾರಿನ ಮೇಲೆ ಏನೇನು ಬೆಳೆದಿದೆ ಎಂದು ಹತ್ತಿರದಿಂದ ನೋಡಬೇಕು. ಹಳೆಯ, ಬೆಂಕಿ ಕಾಣದ ಕಣಿವೆಗಳಲ್ಲಿ ಮರಜರಿಯ ಕಾಂಡವೇ ಒಂದು ತೋಟ. ಪಾಚಿ, ಪೊರೆಯಷ್ಟು ತೆಳುವಾದ ಪುಟ್ಟ ಜರಿಗಳು, ಜೋತುಬಿದ್ದ ಕವಲುಜರಿಗಳು, ಬೇರುಬಿಟ್ಟ ಮರಸಸಿಗಳು. ಸುಟ್ಟ ಕಾಂಡಕ್ಕೆ ಇವೆಲ್ಲ ತಿರುಗಿ ಬರಲು ದಶಕಗಳು ಬೇಕು. ಗರಿ ಬಂತು, ಕಾಂಡದ ಬಾಡಿಗೆದಾರರು ಇನ್ನೂ ಪೂರ್ತಿ ಬಂದಿಲ್ಲ. ದಾರಿಯಲ್ಲಿ ಒಂದು ಜರಿಯ ಮುಂದೆ ಎರಡು ನಿಮಿಷ ನಿಂತರೆ ಬೆಂಕಿಯ ವಯಸ್ಸನ್ನು ಹೀಗೆ ಓದಬಹುದು. ಯಾರೂ ನಿಲ್ಲುವುದಿಲ್ಲ, ಎಲ್ಲರಿಗೂ ಜಲಪಾತ ಸೇರುವ ಅವಸರ.

ಹೊಳೆಯ ವಿಷಯಕ್ಕೆ ಬಂದರೆ ಕರ್ನಾಟಕದವರಿಗೆ ಕುತೂಹಲ ಹುಟ್ಟಿಸುವ ಸಂಗತಿ ಒಂದಿದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ನೀಲಗಿರಿ ಎಂದರೆ ನೀರು ಕುಡಿಯುವ ಮರ. ದಶಕಗಳ ಜಗಳ ಅದು, ಕೊನೆಗೆ 2017ರಲ್ಲಿ ಸರ್ಕಾರ ಹೊಸದಾಗಿ ನೆಡುವುದನ್ನೇ ನಿಷೇಧಿಸಿತು. ನೀಲಗಿರಿಯ ತವರಿನಲ್ಲೂ ಇದೇ ವಿಷಯಕ್ಕೆ ಲೆಕ್ಕ ಹಾಕಿದ್ದಾರೆ, ಆದರೆ ಬೇರೆ ಕೋನದಿಂದ. ಮೆಲ್ಬರ್ನ್‌ಗೆ ಕುಡಿಯುವ ನೀರು ಬರುವುದು ಈ ಬೆಟ್ಟಸಾಲಿನ ಕಾಡಿನ ಜಲಾನಯನಗಳಿಂದ. 1939ರ ಬೆಂಕಿಯಲ್ಲಿ ಹಳೆಯ ಕಾಡು ಸುಟ್ಟು ಹೊಸದು ಎದ್ದ ಮೇಲೆ ಹೊಳೆಗಳಿಗೆ ಇಳಿಯುವ ನೀರು ಕಡಿಮೆಯಾಗುತ್ತಾ ಹೋಯಿತು. ಜಾರ್ಜ್ ಕುಜೆರಾ ಎಂಬ ಜಲವಿಜ್ಞಾನಿ 1980ರ ದಶಕದಲ್ಲಿ ಆ ದಾಖಲೆಗಳನ್ನೆಲ್ಲ ಕೂಡಿಸಿ ಒಂದು ವಕ್ರರೇಖೆ ಬರೆದರು: ಬೆಂಕಿಯಾದ ಇಪ್ಪತ್ತೈದು ಮೂವತ್ತು ವರ್ಷದ ಹೊತ್ತಿಗೆ ಹರಿವು ತಳ ಮುಟ್ಟುತ್ತದೆ, ಸುಮಾರು ಅರ್ಧದಷ್ಟು ಇಳಿಯಬಹುದು, ಮೊದಲಿನ ಮಟ್ಟಕ್ಕೆ ಬರಲು ನೂರು ವರ್ಷಕ್ಕೂ ಮೇಲೆ ಬೇಕು. ಎಳೆಯ, ಒತ್ತೊತ್ತಾಗಿ ನಿಂತ ಮರಗಳು ಮುದಿಮರಗಳಿಗಿಂತ ಹೆಚ್ಚು ನೀರು ಎಳೆಯುತ್ತವೆ. ಹಾಗಾದರೆ 2009ರಲ್ಲಿ ಹುಟ್ಟಿದ ಕಾಡಿನ ಬಾಯಾರಿಕೆ ಇನ್ನೂ ಏರುವ ಹಂತದಲ್ಲೇ ಇದೆ. ಕೋಲಾರದಲ್ಲಿ ಬೆಳೆಸುವುದೂ ಸದಾ ಎಳೆಯ, ಒತ್ತಾದ, ಕೆಲವೇ ವರ್ಷಕ್ಕೆ ಕಡಿಯುವ ಮರವೇ ಎಂಬುದನ್ನು ನೆನೆದರೆ ಮರದ ಜಾತಿಯಷ್ಟೇ ಅದರ ವಯಸ್ಸಿನ ಬಗ್ಗೆಯೂ ಅಲ್ಲಿ ಮಾತಾಗಬೇಕಿತ್ತು ಅನ್ನಿಸುತ್ತದೆ.

ಜಲಪಾತ 84 ಮೀಟರ್. ಕತ್ತಲಾದ ಮೇಲೆ ದೀಪ ಹಾಕುತ್ತಾರೆ, ಆ ವಿದ್ಯುತ್ತೂ ಅದೇ ನೀರಿನ ಟರ್ಬೈನ್‌ನದ್ದು. ಇಲ್ಲಿಯವರೆಗೆ ಕಾರೂ ಬರುವುದರಿಂದ ಜನ ಜಾಸ್ತಿ. ಮೇಲಿನ ದಾರಿ ಹಿಡಿದ ಹತ್ತು ನಿಮಿಷಕ್ಕೆ ಸದ್ದಡಗುತ್ತದೆ.

ಒಂದೇ ಬೆಟ್ಟ, ಎರಡು ಬಗೆ

ಏರಿನಲ್ಲಿ ಮರಗಳು ಬದಲಾಗುವುದನ್ನು ಗಮನಿಸಿದರೆ ಈ ಸುತ್ತಿನ ಅರ್ಧ ಗುಟ್ಟು ಸಿಕ್ಕ ಹಾಗೆ. ದಕ್ಷಿಣಾರ್ಧಗೋಳದಲ್ಲಿ ಸೂರ್ಯ ಉತ್ತರದ ಕಡೆಯಿಂದ ಹಾಯುತ್ತಾನೆ. ಹಾಗಾಗಿ ಉತ್ತರಕ್ಕೆ ಮುಖಮಾಡಿದ ಇಳಿಜಾರು ಬಿಸಿ, ಒಣ. ದಕ್ಷಿಣ ಮುಖದ ಇಳಿಜಾರು ಮತ್ತು ಕೊರಕಲುಗಳು ತಂಪು, ತೇವ. ತೇವದ ಕಡೆ ಮೌಂಟನ್ ಆ್ಯಶ್, ಒಣ ಏಣುಗಳ ಕಡೆ ಮೆಸ್‌ಮೇಟ್ ಮತ್ತು ಪೆಪ್ಪರ್‌ಮಿಂಟ್. ಎಲ್ಲವೂ ನೀಲಗಿರಿಯ ಕುಲವೇ, ಯೂಕಲಿಪ್ಟಸ್. ಆದರೆ ಬೆಂಕಿಗೆ ಇವು ಕೊಡುವ ಉತ್ತರ ಒಂದಕ್ಕೊಂದು ಪೂರಾ ವಿರುದ್ಧ.

ಮೆಸ್‌ಮೇಟ್‌ನ ತೊಗಟೆ ನಾರುನಾರಾಗಿ ದಪ್ಪ. ಅದರ ಅಡಿಯಲ್ಲಿ ಕಾಂಡದುದ್ದಕ್ಕೂ ಮಲಗಿದ ಮೊಗ್ಗುಗಳಿರುತ್ತವೆ, ಬುಡದಲ್ಲಿ ಮಣ್ಣಿನ ಮಟ್ಟದಲ್ಲಿ ಆಹಾರ ಕೂಡಿಟ್ಟ ಒಂದು ಗಂಟು. ಎಲೆ ಸುಟ್ಟುಹೋದರೆ ಮರ ಸಾಯುವುದಿಲ್ಲ, ಕೆಲವೇ ವಾರಗಳಲ್ಲಿ ಕಾಂಡಕ್ಕೆ ಹಸಿರು ತುಪ್ಪಳ ಬಂದ ಹಾಗೆ ಮೈಯೆಲ್ಲ ಚಿಗುರುತ್ತದೆ. ಇದು ನಮ್ಮ ಬಯಲುಸೀಮೆಯ ರೈತರಿಗೆ ಹೊಸದೇನಲ್ಲ. ನೀಲಗಿರಿಯನ್ನು ಬುಡಕ್ಕೆ ಕಡಿದರೂ ಮತ್ತೆ ಕೂಳೆ ಎದ್ದು ಎರಡನೆಯ, ಮೂರನೆಯ ಕಟಾವು ಕೊಡುವುದು ಇದೇ ಶಕ್ತಿಯಿಂದ. ನಂದಿಬೆಟ್ಟದಿಂದ ಹಬ್ಬಿ ಮೈಸೂರು ಗಮ್ ಎಂದು ಹೆಸರಾದ ತಳಿ ಪೂರ್ವ ಆಸ್ಟ್ರೇಲಿಯಾದ ಫಾರೆಸ್ಟ್ ರೆಡ್ ಗಮ್ ವಂಶದ್ದು. ಬೆಂಕಿಗೆ ಅಂತ ಕಲಿತ ವಿದ್ಯೆಯನ್ನು ಅದು ಇಲ್ಲಿ ಕೊಡಲಿಗೆ ಬಳಸುತ್ತಿದೆ.

ಮೌಂಟನ್ ಆ್ಯಶ್‌ಗೆ ಈ ವಿದ್ಯೆ ಬರುವುದಿಲ್ಲ. ಹೂಬಿಡುವ ಗಿಡಮರಗಳಲ್ಲಿ ಲೋಕದಲ್ಲೇ ಅತಿ ಎತ್ತರದವುಗಳಲ್ಲೊಂದು, ಟಾಸ್ಮೇನಿಯಾದಲ್ಲಿ ಒಂದು ನೂರು ಮೀಟರ್ ಮುಟ್ಟಿದೆ. ಆದರೆ ತೊಗಟೆ ತೆಳು, ಬುಡದಲ್ಲಿ ಗಂಟಿಲ್ಲ. ತೀವ್ರ ಬೆಂಕಿ ಬಂದರೆ ಸತ್ತಿತೆಂದೇ ಲೆಕ್ಕ. ಅದರ ಭರವಸೆಯೆಲ್ಲ ನೆತ್ತಿಯ ಕಾಯಿಗಳಲ್ಲಿ. ಬೆಂಕಿ ಹಾದ ಮೇಲೆ ಕಾಯಿ ಬಿರಿದು, ಮೆತ್ತನೆಯ ಬೂದಿಯ ಮೇಲೆ, ನೆರಳಿಲ್ಲದ ಬೆಳಕಿನಲ್ಲಿ ಬೀಜ ಸುರಿಯುತ್ತದೆ. ಹೆಕ್ಟೇರಿಗೆ ಲಕ್ಷಗಟ್ಟಲೆ ಸಸಿ. ಆಮೇಲೆ ಶುರುವಾಗುವುದು ಬೆಳಕಿಗಾಗಿ ಓಟ, ಮೊದಲ ವರ್ಷಗಳಲ್ಲಿ ವರ್ಷಕ್ಕೊಂದು ಮೀಟರಿಗೂ ಮೇಲೆ. ಹಿಂದೆ ಬಿದ್ದವು ನಿಂತಲ್ಲೇ ಒಣಗುತ್ತವೆ. ಇನ್ನೂರು ವರ್ಷದ ಹೊತ್ತಿಗೆ ಉಳಿಯುವುದು ಹೆಕ್ಟೇರಿಗೆ ಕೆಲವು ಹತ್ತು ಮರ.

ಈಗ ದಾರಿಬದಿಯಲ್ಲಿ ಕಾಣುವುದು ಆ ಓಟದ ನಡುಹಂತ. ಬಡಕಲು, ನೇರ, ತೋಳು ತೊಡೆಯ ದಪ್ಪದ ಮರಗಳು ಬೇಲಿ ಕಟ್ಟಿದಷ್ಟು ಒತ್ತಾಗಿವೆ. ಎಲ್ಲಕ್ಕೂ ಒಂದೇ ವಯಸ್ಸು, ಹುಟ್ಟಿದ ವರ್ಷವೂ ಗೊತ್ತು. ಇಲ್ಲಿ ಒಂದು ಅಂಕಿ ನೆನಪಿಡಬೇಕು: ಮೌಂಟನ್ ಆ್ಯಶ್ ಸಾಕಷ್ಟು ಬೀಜ ಕಟ್ಟಲು ಹದಿನೈದರಿಂದ ಇಪ್ಪತ್ತು ವರ್ಷ. ಅದರೊಳಗೆ ಇನ್ನೊಂದು ತೀವ್ರ ಬೆಂಕಿ ಬಂದರೆ ಸಾಯಲು ಮರವಿದೆ, ಬಿತ್ತಲು ಬೀಜವಿಲ್ಲ. ಆ ಜಾಗ ವಾಟಲ್ ಎಂಬ ಅಕೇಶಿಯಾ ಕುಲದ ಮರಗಳ ಪಾಲು. ವಾಟಲ್‌ನ ಗಟ್ಟಿಸಿಪ್ಪೆಯ ಬೀಜ ಮಣ್ಣಿನಲ್ಲಿ ದಶಕಗಳ ಕಾಲ ಕಾದುಕೊಂಡಿರುತ್ತದೆ, ಬೆಂಕಿಯ ಕಾವಿಗೆ ಬಿರಿದು ಮೊಳೆಯುತ್ತದೆ. ಇದು ಊಹೆಯ ಭಯವಲ್ಲ. ವಿಕ್ಟೋರಿಯಾದ ಎತ್ತರದ ಬೆಟ್ಟಗಳಲ್ಲಿ ಆ್ಯಶ್‌ನ ದಾಯಾದಿ ಆಲ್ಪೈನ್ ಆ್ಯಶ್ ಕಾಡುಗಳು ಈ ಶತಮಾನದಲ್ಲೇ ಬೆನ್ನುಬೆನ್ನಿಗೆ ಸುಟ್ಟವು. 2019–20ರ ಬೆಂಕಿಯ ನಂತರ ಹೆಲಿಕಾಪ್ಟರ್‌ಗಳಲ್ಲಿ ಬೀಜ ಒಯ್ದು ಬೂದಿಯ ಮೇಲೆ ಬಿತ್ತಬೇಕಾಯಿತು.

ನಿಮ್ಮ ಸುತ್ತಲಿನ ಎಳೆಕಾಡು ಈ ಗೆರೆ ದಾಟಿದೆಯೇ ಎಂದು ನೆಲ ನೋಡಿ ತಿಳಿಯಬಹುದು. ಆ್ಯಶ್‌ನ ಕಾಯಿ ಸಣ್ಣದು, ಸೆಂಟಿಮೀಟರಿಗೂ ಕಡಿಮೆ, ಬುಡ ಚೂಪಾದ ಬುಗುರಿಯಂಥದ್ದು, ಬಾಯಿಗೆ ಸಾಮಾನ್ಯವಾಗಿ ಮೂರು ಸೀಳು. ಇನ್ನೂ ಖಚಿತ ಗುರುತು ಮೊಗ್ಗಿನದು. ಈ ಜಾತಿಯಲ್ಲಿ ಎಲೆಕಂಕುಳಿಗೆ ಒಂದರ ಬದಲು ಎರಡು ಮೊಗ್ಗಿನ ಗೊಂಚಲು. ಗಾಳಿಗೆ ಬಿದ್ದ ರೆಂಬೆ ಸಿಕ್ಕರೆ ತಿರುಗಿಸಿ ನೋಡಿ. ಮುದಿಮರಗಳ ಕೆಳಗೆ ಕಾಯಿ ಸಿಕ್ಕರೆ ಲೆಕ್ಕಕ್ಕಿಲ್ಲ, ಬರೀ ಎಳೆಮರಗಳಿರುವ ಕಡೆ ಸಿಗಬೇಕು.

ತಲೆಯ ಮೇಲೆ

ಎಳೆಕಾಡಿನ ಮೇಲೆ ಅಲ್ಲಲ್ಲಿ ಬೂದುಬಿಳಿಯ ಕಂಬಗಳು ಎದ್ದು ನಿಂತಿರುತ್ತವೆ, ತೊಗಟೆ ಕಳಚಿ, ತುದಿ ಮುರಿದು. ಬೆಂಕಿಗೆ ಸತ್ತ ಮರಗಳು. ಹೆಚ್ಚಿನವು 2009ರಲ್ಲಿ ಸತ್ತವು. 1939ರ ಬೆಂಕಿಯ ನಂತರ ಹುಟ್ಟಿ, ಸರಿಯಾಗಿ ಎಪ್ಪತ್ತು ವರ್ಷ ಬದುಕಿದ್ದವು. ಇನ್ನೂ ದಪ್ಪ, ಇನ್ನೂ ಗಿಡ್ಡಗೆ ಮುರಿದವು ಕಂಡರೆ 1939ರಲ್ಲೇ ಸತ್ತವಿರಬಹುದು. ಛಾಯಾಚಿತ್ರಕ್ಕೆ ಸೊಗಸು. ನಡೆಯುವವನಿಗೆ ಈ ದಾರಿಯ ಮುಖ್ಯ ಅಪಾಯ ಇವೇ, ಹಾವಲ್ಲ.

ಸತ್ತ ಹೊಸತರಲ್ಲಿ ಮರ ಗಟ್ಟಿ. ವರ್ಷ ಕಳೆದಂತೆ ಬೇರು ಕೊಳೆಯುತ್ತದೆ, ಒಳಗೆ ತಿರುಳು ಪುಡಿಯಾಗುತ್ತದೆ, ಹೊರಗೆ ಚಿಪ್ಪು ಮಾತ್ರ ಉಳಿಯುತ್ತದೆ. ಒಂದೂವರೆ ದಶಕ ದಾಟಿದ ಮೇಲೆ ಬೀಳಲು ಗಾಳಿಯೇ ಬೇಕೆಂದಿಲ್ಲ. ಮಳೆಗೆ ನೆನೆದು ಭಾರವಾದರೂ ಸಾಕು, ಮಾರನೆಯ ದಿನ ಬಿಸಿಲಿನಲ್ಲಿ ಸದ್ದಿಲ್ಲದೆ ಬೀಳಬಹುದು. ಇದೇ ಹೊತ್ತಿಗೆ ಬೆಂಕಿಯ ಬೆನ್ನಿಗೆ ಎದ್ದ ಸಿಲ್ವರ್ ವಾಟಲ್‌ಗಳಿಗೂ ಮುಪ್ಪು ಶುರು. ಅವು ಬೇಗ ಬೆಳೆದು ಬೇಗ ಹೋಗುವ ಮರ, ಹುಳು ಕೊರೆದು ಅಡ್ಡಾದಿಡ್ಡಿ ಬೀಳುತ್ತವೆ. ಏಣಿನ ಮೇಲಿನ ಮೆಸ್‌ಮೇಟ್‌ಗೂ ಒಂದು ಕೊರತೆ ಇದೆ: ಬೆಂಕಿಯ ನಂತರ ಮೂಡಿದ ಕೊಂಬೆಗಳು ಕಾಂಡದ ಹೊರಪದರದಿಂದ ಹೊರಟವು, ಹುಟ್ಟುಕೊಂಬೆಯಷ್ಟು ಆಳಕ್ಕೆ ಕಚ್ಚಿಕೊಂಡಿರುವುದಿಲ್ಲ. ದಪ್ಪವಾಗುತ್ತಾ ಹೋದಂತೆ ಬುಡದಲ್ಲೇ ಕಿತ್ತು ಬೀಳುತ್ತವೆ. ಸುಟ್ಟ ಎರಡನೆಯ ವರ್ಷಕ್ಕಿಂತ ಹದಿನೈದು ಇಪ್ಪತ್ತನೆಯ ವರ್ಷದಲ್ಲಿ ದಾರಿಗೆ ಹೆಚ್ಚು ಮರ ಬೀಳಬಹುದು ಎಂದರೆ ಹೊಸಬರು ನಂಬುವುದಿಲ್ಲ. ಕಾರಣ ಇಷ್ಟೇ.

ಹಾಗಾಗಿ ಕೆಲವು ಅಭ್ಯಾಸ ಮಾಡಿಕೊಳ್ಳಬೇಕು. ಗಂಟೆಗೆ ನಲವತ್ತು ಐವತ್ತು ಕಿಲೋಮೀಟರ್ ರಭಸದ ಗಾಳಿಯ ಮುನ್ಸೂಚನೆ ಇದ್ದ ದಿನ ಈ ದಾರಿ ಬೇಡ, ಎಷ್ಟೇ ತಿಳಿಬಿಸಿಲಿರಲಿ. ಊಟಕ್ಕೆ ಕೂರುವ ಮುಂಚೆ ಮೇಲೆ ನೋಡಿ. ಸತ್ತ ಮರದ ಎತ್ತರದ ಒಂದೂವರೆ ಪಟ್ಟು ದೂರದಲ್ಲಿ ಕೂರಬೇಕು, ಇಳಿಜಾರಿನ ಕೆಳಗಡೆಯಾದರೆ ಇನ್ನೂ ದೂರ. ಈ ನಿಯಮಕ್ಕೆ ಹೊಂದುವ ಜಾಗ ಸುತ್ತಿನಲ್ಲಿ ಹೆಚ್ಚಿಲ್ಲ. ಲುಕೌಟ್‌ಗಳ ಬಯಲೇ ಸರಿ, ಮುಖ್ಯವಾಗಿ ಕೆಪೆಲ್. ದಾರಿಯಲ್ಲಿ ನಿಲ್ಲದೆ ನಡೆಯಿರಿ, ನಿಂತು ಹರಟುವುದನ್ನು ಅಲ್ಲಿಗೆ ಉಳಿಸಿಕೊಳ್ಳಿ. ಅಡ್ಡ ಬಿದ್ದ ಮರವನ್ನು ದಾಟುವಾಗ ಅದರ ಮೇಲೆ ಕಾಲಿಟ್ಟು ಆಚೆ ನೋಡಿ ಆಮೇಲೆ ಇಳಿಯಿರಿ. ಬಿಸಿಲಿಗೆ ಮೈಕಾಯಿಸುವ ಹಾವಿಗೆ ಮರದ ಆ ಬದಿ ಇಷ್ಟದ ಜಾಗ.

ಇಷ್ಟು ಅಪಾಯವಿದ್ದರೆ ಸತ್ತ ಮರಗಳನ್ನು ಕಡಿದು ಹಾಕಬಾರದೇ ಎಂಬ ಪ್ರಶ್ನೆ ಏಳುತ್ತದೆ. ದಾರಿಗೆ ತೀರಾ ಹತ್ತಿರದವನ್ನು ಕಡಿಯುತ್ತಾರೆ. ಎಲ್ಲವನ್ನೂ ಕಡಿದರೆ ಕಾಡಿನ ಮನೆಗಳೇ ಹೋಗುತ್ತವೆ. ವಿಕ್ಟೋರಿಯಾದ ರಾಜ್ಯಪ್ರಾಣಿ ಲೆಡ್‌ಬೀಟರ್ಸ್ ಪಾಸಮ್ ಎಂಬ ಅಂಗೈಯಗಲದ ಪ್ರಾಣಿ. ನಿರ್ನಾಮವಾಯಿತು ಎಂದೇ ನಂಬಿದ್ದರು, 1961ರಲ್ಲಿ ಮೇರಿಸ್‌ವಿಲ್‌ನ ಆಚೆ ಕೇಂಬರ್‌ವಿಲ್ ಬಳಿ ಮತ್ತೆ ಕಾಣಿಸಿತು. ಅದಕ್ಕೆ ಊಟ ಎಳೆಕಾಡಿನಲ್ಲಿ, ವಾಟಲ್‌ನ ಅಂಟು ಮತ್ತು ಹುಳುಗಳು. ಮನೆ ಮಾತ್ರ ಮುದಿಮರದ ಪೊಟರೆಯಲ್ಲಿ. ಆ್ಯಶ್‌ನಲ್ಲಿ ಅದಕ್ಕೊಪ್ಪುವ ಪೊಟರೆ ಆಗಲು ನೂರಿಪ್ಪತ್ತು ವರ್ಷಕ್ಕೂ ಮೇಲೆ ಬೇಕು. ಈ ಬೆಟ್ಟದಲ್ಲಿ ಊಟ ಬೇಕಾದಷ್ಟಿದೆ, ಮನೆಗಳು ಉಳಿದಿರುವುದು ಆ ಬೀಳುತ್ತಿರುವ ಕಂಬಗಳಲ್ಲಿ, ಹೊಸ ಮನೆಗಳು ತಯಾರಾಗುವುದು ಮುಂದಿನ ಶತಮಾನದಲ್ಲಿ. ನಡುವಿನ ಅಂತರ ತುಂಬಲು ಪೆಟ್ಟಿಗೆ ಗೂಡುಗಳನ್ನು ಕಟ್ಟುತ್ತಾರೆ, ಜೀವಂತ ಮರಕ್ಕೆ ಗರಗಸದಲ್ಲಿ ಪೊಟರೆ ಕೊರೆಯುತ್ತಾರೆ. 2024ರ ಜನವರಿ 1ರಿಂದ ವಿಕ್ಟೋರಿಯಾದ ಸರ್ಕಾರಿ ಕಾಡುಗಳಲ್ಲಿ ಸ್ಥಳೀಯ ಮರಗಳ ವಾಣಿಜ್ಯ ಕಟಾವು ನಿಂತಿದೆ. "ಎಲ್ಲಾ ಹಸಿರು" ಎನ್ನುವವರ ಲೆಕ್ಕಕ್ಕೆ ಸಿಗದೆ ಹೋಗುವುದು ಈ ಪೊಟರೆಗಳೇ.

ಕಡವೆಯ ದಾರಿ

ಕೆಪೆಲ್‌ನಿಂದ ಊರಿನ ಚಾವಣಿಗಳೂ ಸುತ್ತಲಿನ ಬೆಟ್ಟಗಳೂ ಚೆನ್ನಾಗಿ ಕಾಣುತ್ತವೆ. ಅಲ್ಲಿಂದ ಮುಂದೆ ದಾರಿ ತಪ್ಪುವ ಸಾಧ್ಯತೆ ಸ್ವಲ್ಪ ಹೆಚ್ಚು, ಅದಕ್ಕೆ ಕಾರಣ ನಮ್ಮ ಕಡವೆ. ಬೇಟೆಯ ಶೋಕಿಗೆ 1860ರ ದಶಕದಲ್ಲಿ ವಿಕ್ಟೋರಿಯಾಕ್ಕೆ ತಂದು ಬಿಟ್ಟ ಕಡವೆ ಈಗ ಪೂರ್ವ ಭಾಗದ ಬೆಟ್ಟಗಳಲ್ಲೆಲ್ಲ ತುಂಬಿದೆ. ಹುಲಿಯಿಲ್ಲ, ಸೀಳುನಾಯಿಯಿಲ್ಲ. ಬಂಡೀಪುರದಲ್ಲಿ ಹುಲಿಯ ಊಟವಾಗಿ ಕಾಡಿನ ಲೆಕ್ಕದೊಳಗಿರುವ ಪ್ರಾಣಿ ಅಲ್ಲಿ ಲೆಕ್ಕ ಕೆಡಿಸುತ್ತಿದೆ. ಎಳೆಸಸಿ ಮೇಯುತ್ತದೆ, ಕೊಂಬು ತಿಕ್ಕಿ ಮರದ ಸಿಪ್ಪೆ ಸುಲಿಯುತ್ತದೆ, ಕೊರಕಲಿನ ತೇವದಲ್ಲಿ ಹೊರಳಿ ಕೆಸರುಗುಂಡಿ ಮಾಡುತ್ತದೆ. ಅವು ಓಡಾಡಿ ಸವೆಸಿದ ಹಾದಿಗಳು ಕಾಲುದಾರಿಯಷ್ಟೇ ಸ್ಪಷ್ಟ. ಬಿದ್ದ ಮರದ ಬಳಿ ನಿಜವಾದ ದಾರಿ ಮುಚ್ಚಿಹೋಗಿ ಕಡವೆಯ ಹಾದಿ ತೆರೆದಿದ್ದರೆ ಕಾಲು ತಾನಾಗಿ ಅತ್ತ ಎಳೆಯುತ್ತದೆ. ಗುರುತು ಹಿಡಿಯುವುದು ಸುಲಭ: ಜನರ ದಾರಿಯಲ್ಲಿ ಎದೆಯೆತ್ತರದ ರೆಂಬೆಗಳನ್ನು ಕತ್ತರಿಸಿದ ನೇರ ಗಾಯಗಳಿರುತ್ತವೆ, ಕಡವೆಯ ಹಾದಿಯಲ್ಲಿ ನೆಲ ಸವೆದಿದ್ದರೂ ಎದೆಗೆ ರೆಂಬೆ ಬಡಿಯುತ್ತದೆ. ಐವತ್ತು ಹೆಜ್ಜೆಯೊಳಗೆ ಕತ್ತರಿಸಿದ ಗುರುತು ಸಿಗದಿದ್ದರೆ ಹಿಂದಕ್ಕೆ ಬನ್ನಿ. ಆಫ್‌ಲೈನ್ ನಕ್ಷೆ ಫೋನಿನಲ್ಲಿ ಮೊದಲೇ ಇಳಿಸಿಕೊಂಡಿರಿ, ಊರು ಬಿಟ್ಟ ಮೇಲೆ ಸಿಗ್ನಲ್ ಬಂದರೆ ಬಂತು. ವಿಕ್ಟೋರಿಯಾದ ಹಲವು ಸ್ಟೇಟ್ ಫಾರೆಸ್ಟ್‌ಗಳಲ್ಲಿ ಕಡವೆ ಬೇಟೆಗೆ ಪರವಾನಗಿಯೂ ಉಂಟು, ಆದ್ದರಿಂದ ಕಂದು ಬೂದು ಬಟ್ಟೆಗಿಂತ ಕಿತ್ತಳೆ, ಹಳದಿ ಒಳ್ಳೆಯದು.

ಕಾಲು, ಬೂಟು, ಬ್ಯಾಂಡೇಜು

ಮಲೆನಾಡಿನವರಿಗೆ ಉಂಬಳ ಹೊಸದಲ್ಲ, ಇಲ್ಲೂ ಮಳೆಯ ನಂತರ ಹೊಳೆಬದಿಯಲ್ಲಿ ಇವೆ. ಅದಕ್ಕಿಂತ ಹೆಚ್ಚು ಕಾಡುವುದು ವೈರ್ ಗ್ರಾಸ್ ಎಂಬ ತಂತಿಹುಲ್ಲು, ಪೊದೆಗಳ ಮೇಲೆ ಬಲೆಯಂತೆ ಹಬ್ಬಿ ಕಣಕಾಲನ್ನು ಕೆರೆಯುತ್ತದೆ. ಮೊಣಕಾಲವರೆಗಿನ ಗೇಟರ್ (ಬೂಟಿನ ಮೇಲಿಂದ ಕಾಲಿಗೆ ಸುತ್ತುವ ಗಟ್ಟಿ ಬಟ್ಟೆಯ ಕವಚ) ಹಾಕಿದರೆ ಹುಲ್ಲು, ಉಂಬಳ, ಹಾವು ಮೂರಕ್ಕೂ ತಡೆ.

ಇಲ್ಲಿನ ಹಾವುಗಳು ಟೈಗರ್ ಸ್ನೇಕ್ ಮತ್ತು ಕಾಪರ್‌ಹೆಡ್. ಎರಡೂ ನಾಗರದ ಕುಟುಂಬದವು. ಕಚ್ಚಿದರೆ ಅಲ್ಲಿ ಹೇಳುವ ಕ್ರಮ ಹೀಗೆ: ಕಚ್ಚಿದ ಜಾಗವನ್ನು ತೊಳೆಯಬಾರದು. 10ರಿಂದ 15 ಸೆಂ.ಮೀ. ಅಗಲದ ಎಲಾಸ್ಟಿಕ್ ಬ್ಯಾಂಡೇಜನ್ನು ಕಚ್ಚಿದ ಜಾಗದ ಮೇಲೆ ಬಿಗಿಯಾಗಿ ಸುತ್ತಿ, ಇನ್ನೊಂದನ್ನು ಬೆರಳ ಬುಡದಿಂದ ಶುರುಮಾಡಿ ಇಡೀ ಕಾಲಿಗೆ ಮೇಲಿನವರೆಗೆ ಸುತ್ತಬೇಕು. ಕೋಲು ಕಟ್ಟಿ ಕಾಲು ಅಲುಗದಂತೆ ಮಾಡಿ ಅಲ್ಲಿನ ತುರ್ತು ಸಂಖ್ಯೆ 000ಗೆ ಕರೆ ಮಾಡಬೇಕು. ಕಚ್ಚಿಸಿಕೊಂಡವರು ಒಂದು ಹೆಜ್ಜೆಯನ್ನೂ ನಡೆಯಬಾರದು. ಇದನ್ನು ಊರಿಗೆ ಹೊತ್ತುತಂದು ಕೊಳಕುಮಂಡಲದ ಕಡಿತಕ್ಕೆ ಬಳಸಬೇಡಿ. ಅದರ ವಿಷ ಕಚ್ಚಿದ ಜಾಗದಲ್ಲೇ ಮಾಂಸ ಕೊಳೆಸುತ್ತದೆ, ಬಿಗಿಯಾಗಿ ಕಟ್ಟುವುದರಿಂದ ಕೇಡೇ ಹೆಚ್ಚು.

ಬೂಟು ತೊಳೆಯುವ ವಿಷಯವನ್ನು ಹೆಚ್ಚಿನವರು ಶಾಸ್ತ್ರಕ್ಕೆ ಅಂದುಕೊಳ್ಳುತ್ತಾರೆ. ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸಬೇಕಿಲ್ಲ. ಮಳೆಗಾಲದಲ್ಲಿ ಕಾಯಿ ಉದುರಿಸುವ ಕೊಳೆರೋಗದ ಫೈಟಾಫ್ತೊರಾ ಕುಲದ್ದೇ ಇನ್ನೊಂದು ಜೀವಿ, ಫೈಟಾಫ್ತೊರಾ ಸಿನಮೊಮಿ, ಆಸ್ಟ್ರೇಲಿಯಾದ ಕಾಡುಗಿಡಗಳ ಬೇರು ಕೊಳೆಸುತ್ತದೆ. ಹರಡುವುದು ಹಸಿಮಣ್ಣಿನ ಜೊತೆ, ಬೂಟಿನ ಅಡಿಯಲ್ಲಿ. ಮೊದಲು ಬ್ರಷ್‌ನಿಂದ ಮಣ್ಣನ್ನೆಲ್ಲ ಉಜ್ಜಿ ತೆಗೆದು, ಆಮೇಲೆ 70 ಶೇಕಡಾ ಮೆಥಿಲೇಟೆಡ್ ಸ್ಪಿರಿಟ್ ಸಿಂಪಡಿಸಿ ಒಣಗಲು ಬಿಡಬೇಕು. ಮಣ್ಣಿನ ಮೇಲೆಯೇ ಸಿಂಪಡಿಸಿದರೆ ಒಳಗಿರುವುದು ಸಾಯುವುದಿಲ್ಲ. ಹೋಗುವ ಮೊದಲೂ ಮಾಡಬೇಕು, ಬಂದ ಮೇಲೂ.

ಕೊನೆಯದಾಗಿ ಬೆಂಕಿಯ ಮುನ್ಸೂಚನೆ. 2022ರ ಸೆಪ್ಟೆಂಬರ್‌ನಿಂದ ದೇಶಕ್ಕೆಲ್ಲ ಒಂದೇ ಅಳತೆ: ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕೆಟಸ್ಟ್ರಾಫಿಕ್. ಇಲ್ಲಿ ಮೆಲ್ಬರ್ನ್‌ನಿಂದ ಹೋಗುವವರು ಎಡವುವ ಒಂದು ಜಾಗವಿದೆ. ಮೆಲ್ಬರ್ನ್ ಇರುವುದು ಮುನ್ಸೂಚನೆಯ ಲೆಕ್ಕದ ಸೆಂಟ್ರಲ್ ಜಿಲ್ಲೆಯಲ್ಲಿ, ಮೇರಿಸ್‌ವಿಲ್ ಇರುವ ಮರ‍್ರಿಂಡಿಂಡಿ ಶೈರ್ (ಸ್ಥಳೀಯ ಆಡಳಿತ ಪ್ರದೇಶ) ನಾರ್ತ್ ಸೆಂಟ್ರಲ್ ಜಿಲ್ಲೆಯಲ್ಲಿ. ಮನೆಯ ಹತ್ತಿರದ ದರ್ಜೆ ನೋಡಿಕೊಂಡು ಹೊರಟರೆ ಬೆಟ್ಟದ ದರ್ಜೆ ಗೊತ್ತಾಗುವುದಿಲ್ಲ. ವಿಕ್‌ಎಮರ್ಜೆನ್ಸಿ ಆ್ಯಪ್‌ನಲ್ಲಿ ಮೇರಿಸ್‌ವಿಲ್ ಸುತ್ತ ಒಂದು ವಾಚ್ ಝೋನ್ ಹಾಕಿಟ್ಟುಕೊಳ್ಳಿ, ಆ ವಲಯದ ಎಚ್ಚರಿಕೆಗಳು ಫೋನಿಗೆ ಬರುತ್ತವೆ. ಎಕ್ಸ್‌ಟ್ರೀಮ್ ಇದ್ದರೆ ಹೋಗಬೇಡಿ, ಕೆಟಸ್ಟ್ರಾಫಿಕ್ ಇದ್ದರೆ ಪಾರ್ಕುಗಳನ್ನೇ ಮುಚ್ಚುತ್ತಾರೆ. ಹೈ ಇದ್ದ ದಿನ ಹೋಗುವುದಾದರೆ ಗಾಳಿ ತಿರುಗುವ ಗಂಟೆಯನ್ನು ಮುನ್ಸೂಚನೆಯಲ್ಲಿ ನೋಡಿ, ಅದಕ್ಕೆ ಎರಡು ಗಂಟೆ ಮುಂಚೆ ಏಣಿನಿಂದ ಇಳಿದಿರಿ. ಸಂಪೂರ್ಣ ಬೆಂಕಿ ನಿಷೇಧದ ದಿನ ಕಾಡಿನಲ್ಲಿ ಚಹಾ ಕಾಯಿಸಲು ಗ್ಯಾಸ್ ಒಲೆಯನ್ನೂ ಹಚ್ಚುವ ಹಾಗಿಲ್ಲ, ಫ್ಲಾಸ್ಕ್ ಒಯ್ಯಿರಿ. ಎಲ್ಲ ಕೂಡಿಸಿ ನೋಡಿದರೆ ಒಳ್ಳೆಯ ತಿಂಗಳುಗಳು ಮೇ ಮತ್ತು ಅಕ್ಟೋಬರ್. ಶರತ್ಕಾಲದಲ್ಲಿ, ಮುಖ್ಯವಾಗಿ ಏಪ್ರಿಲ್‌ನಲ್ಲಿ, ಇಲಾಖೆಯವರೇ ಯೋಜಿಸಿ ಹಚ್ಚುವ ಬೆಂಕಿಗೆ ಕೆಲವು ದಾರಿಗಳು ಮುಚ್ಚಿರುತ್ತವೆ, ಹೊರಡುವ ಹಿಂದಿನ ದಿನ ಅದನ್ನೂ ನೋಡಿಕೊಳ್ಳಬೇಕು.